ಧೂಳೋ, ಮಸಿಯೋ, ಬೂಷ್ಟೋ?

ನೆದರ್ಲೆಂಡ್ಸಿನಲ್ಲಿ ಮನೆಮಾಡಿಕೊಂಡಿರುವ ಕನ್ನಡ ಕುಟುಂಬಗಳು, ಆಮ್ಸ್ಟಲ್‌ವೇನಿನ ಬಹುಮಹಡಿಯ ಕಟ್ಟಡದಲ್ಲಿರಲಿ, ಐಂಡ್‌ಹೋವನ್ನಿನ ಸಾಲುಮನೆಯಲ್ಲಿರಲಿ, ಹೇಗ್ ನಗರದ ಹಳೆಯ ಇಟ್ಟಿಗೆಮನೆಯ ಮೇಲಂತಸ್ತಿನಲ್ಲಿರಲಿ, ದೀಪಾವಳಿ ಕಳೆದು ಹಗಲು ಕುಗ್ಗತೊಡಗಿದ ಮೇಲೆ ಒಂದು ಸಂದೇಹಕ್ಕೆ ಒಳಗಾಗದೆ ಇರುವುದು ಅಪರೂಪ. ಮಲಗುವ ಕೋಣೆಯ ಬೀರುವಿನ ಹಿಂದೆ, ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ, ಸ್ನಾನದ ಮನೆಯ ಸೂರಿನ ಮೂಲೆಯಲ್ಲಿ ಮೂಡಿರುವ ಆ ಕಪ್ಪು ಛಾಯೆ ಬರಿಯ ಧೂಳೋ, ಅಥವಾ ಜೀವವುಳ್ಳ ಬೂಷ್ಟೋ? ಮಡಿಕೇರಿಯಲ್ಲೋ ತೀರ್ಥಹಳ್ಳಿಯಲ್ಲೋ ಬೆಳೆದವರಿಗೆ ಬೂಷ್ಟು ಹೊಸತಲ್ಲ. ಆಷಾಢ ಶ್ರಾವಣಗಳ ಮಳೆಯಲ್ಲಿ ಚರ್ಮದ ಚಪ್ಪಲಿಯೂ ಪುಸ್ತಕದ ರಟ್ಟೂ ಪೆಟ್ಟಿಗೆಯೊಳಗಿನ ರೇಷ್ಮೆಯೂ ಬೆಳ್ಳನೆಯ ನವಿರು ತಳೆಯುವುದನ್ನು ಅವರು ಬಾಲ್ಯದಿಂದ ಕಂಡಿರುತ್ತಾರೆ. ಆದರೆ ಮಲೆನಾಡಿನಲ್ಲಿ ತೇವ ಹೊರಗಿನಿಂದ ಒಳಕ್ಕೆ ಬರುತ್ತದೆ, ಬಿಸಿಲು ಬಿದ್ದೊಡನೆ ತೊಲಗುತ್ತದೆ. ಡಚ್ಚರ ನಾಡಿನಲ್ಲಾದರೋ, ಬಾಗಿಲು ಕಿಟಕಿಗಳನ್ನು ಬಿಗಿದು ಮುಚ್ಚಿದ ಮನೆಯೊಳಗೆ, ವಾಸಿಸುವವರೇ ಆ ತೇವವನ್ನು ದಿನವೂ ಉತ್ಪತ್ತಿಮಾಡುತ್ತಾರೆ. ಊರಿನ ಅನುಭವವನ್ನೇ ನೆಚ್ಚಿ ಇಲ್ಲಿಯ ಗೋಡೆಯನ್ನು ಪರೀಕ್ಷಿಸಹೊರಟವರು ಬಹುಮಟ್ಟಿಗೆ ತಪ್ಪು ಸ್ಥಳದಲ್ಲಿ ಹುಡುಕುತ್ತಾರೆ.

ಆದುದರಿಂದ ಕಲೆಯ ಬಣ್ಣವನ್ನು ನೋಡುವುದಕ್ಕೆ ಮುಂಚೆ ಅದು ಕುಳಿತಿರುವ ಸ್ಥಾನವನ್ನು ವಿಚಾರಿಸಬೇಕೆಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ. ಧೂಳು ಬಂದು ಬೀಳತಕ್ಕ ವಸ್ತು. ಬೂಷ್ಟು ನೀರಿರುವಲ್ಲಿ ಹುಟ್ಟಿ ಬೆಳೆಯತಕ್ಕ ಜೀವಿ. ನಾಲ್ಕು ಜನರ ಸಂಸಾರವೊಂದು ಉಸಿರು, ಬೆವರು, ಅಡುಗೆ, ಸ್ನಾನ, ಒಗೆತಗಳ ಮೂಲಕ ದಿನವೊಂದಕ್ಕೆ ಸುಮಾರು ೧೦ ಲೀಟರು ನೀರನ್ನು ಆವಿಯಾಗಿ ಮನೆಯ ಗಾಳಿಗೆ ಸೇರಿಸುತ್ತದೆಂದು ಡಚ್ ವಸತಿ ಸಲಹೆಗಾರರು ಅಂದಾಜು ಮಾಡುತ್ತಾರೆ. ಬೆಳಗ್ಗೆ ಇಡ್ಲಿಯ ಹಬೆ, ಮಧ್ಯಾಹ್ನ ಕುಕ್ಕರಿನ ಸೀಟಿ, ಸಂಜೆ ಒಲೆಯ ಮೇಲೆ ಬಹುಹೊತ್ತು ಕುದಿಯುವ ಸಾರು, ಮಳೆಯ ಕಾರಣ ಹೊರಗೆ ಹರವಲಾಗದೆ ಒಳಗೇ ಸ್ಟ್ಯಾಂಡಿನ ಮೇಲೆ ಒಣಗುವ ಬಟ್ಟೆ, ಇವೆಲ್ಲ ಕೂಡಿದ ನಮ್ಮವರ ಮನೆಯಲ್ಲಿ ಆ ಪ್ರಮಾಣ ಕಡಮೆಯಾಗಿರಲು ಕಾರಣವಿಲ್ಲ.

ಈ ಆವಿ ಎಲ್ಲಿಗೆ ಹೋಗುತ್ತದೆ? ಹೊರಹೋಗಲು ದಾರಿಯಿಲ್ಲದಿದ್ದರೆ ಮನೆಯಲ್ಲಿ ಅತ್ಯಂತ ತಣ್ಣಗಿರುವ ಮೇಲ್ಮೈಯನ್ನು ಅರಸಿಕೊಂಡು ಹೋಗುತ್ತದೆ. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಶೇಕಡ ೬೦ ಸಾಪೇಕ್ಷ ಆರ್ದ್ರತೆಯೂ ಉಳ್ಳ ಗಾಳಿ, ಅಂದರೆ ನಾವು ಹಿತವೆಂದೇ ಎಣಿಸುವ ಗಾಳಿ, ೧೨ ಡಿಗ್ರಿಯ ಗಾಜನ್ನು ಮುಟ್ಟಿದೊಡನೆ ಹನಿಗಟ್ಟುತ್ತದೆ. ಬೂಷ್ಟಿಗೆ ಅಷ್ಟು ನೀರು ಕೂಡ ಬೇಕಾಗಿಲ್ಲ. ಗೋಡೆ ೧೫-೧೬ ಡಿಗ್ರಿಗೆ ತಣಿದಿದ್ದರೆ ಅದರ ಮೈಗೆ ತಗಲಿಕೊಂಡಿರುವ ಗಾಳಿಯ ತೆಳುಪದರದಲ್ಲಿ ಆರ್ದ್ರತೆ ಶೇಕಡ ೮೦ರ ಹತ್ತಿರಕ್ಕೆ ಏರುತ್ತದೆ. ಆ ಸ್ಥಿತಿ ಬಹುದಿನ ಮುಂದುವರಿದರೆ, ಕಣ್ಣಿಗೆ ಒಂದು ಹನಿಯೂ ಕಾಣದಿದ್ದರೂ, ಶಿಲೀಂಧ್ರದ ಬೀಜಕಗಳು ಅಲ್ಲಿ ಮೊಳೆಯಬಲ್ಲವು. ‘ನಮ್ಮ ಗೋಡೆ ಒಣಗಿಯೇ ಇದೆ, ಆದುದರಿಂದ ಇದು ಧೂಳು’ ಎಂಬ ವಾದ ನಿಲ್ಲದಿರುವುದು ಈ ಕಾರಣದಿಂದ.

ಮನೆಯ ವಯಸ್ಸನ್ನು ತಿಳಿದರೆ ತಣ್ಣನೆಯ ಸ್ಥಾನಗಳನ್ನು ಊಹಿಸುವುದು ಸುಲಭ. ೧೯೨೦ಕ್ಕೆ ಹಿಂದಿನ ಅನೇಕ ಡಚ್ ಮನೆಗಳಲ್ಲಿ ಹೊರಗೋಡೆ ಒಂದೇ ಪದರದ್ದು. ಆಮೇಲಿನವುಗಳಲ್ಲಿ ಎರಡು ಪದರಗಳ ನಡುವೆ ಗಾಳಿಯ ತೆರಪುಂಟು. ಎರಡನೆಯ ಮಹಾಯುದ್ಧದ ತರುವಾಯ ವಸತಿಯ ಅಭಾವವನ್ನು ನೀಗಲು ತ್ವರೆಯಿಂದ ಕಟ್ಟಿದ ಕಟ್ಟಡಗಳಲ್ಲಿ ಕೋಣೆಯ ಕಾಂಕ್ರೀಟು ಚಪ್ಪಡಿಯೇ ಗೋಡೆಯನ್ನು ದಾಟಿ ಬಾಲ್ಕನಿಯಾಗಿ ಹೊರಚಾಚಿರುವುದು ಸಾಮಾನ್ಯ. ಹೊರಗಿನ ಶೀತ ಆ ಚಪ್ಪಡಿಯ ಮೂಲಕವೇ ಒಳಕ್ಕೆ ಹರಿದುಬಂದು ಸೂರಿನ ಅಂಚನ್ನೂ ನೆಲದ ಅಂಚನ್ನೂ ತಣಿಸುತ್ತದೆ. ಇಂಥ ಸ್ಥಳಗಳನ್ನು ಡಚ್ಚರು ಶೀತಸೇತುವೆಗಳೆನ್ನುತ್ತಾರೆ. ಇನ್ನೊಂದು ಸಂಗತಿ ಅನೇಕರಿಗೆ ವಿಚಿತ್ರವಾಗಿ ತೋರುತ್ತದೆ. ಹಳೆಯ ಏಕಗಾಜಿನ ಕಿಟಕಿಯನ್ನು ತೆಗೆಸಿ ಉತ್ತಮವಾದ ಜೋಡಿಗಾಜನ್ನು ಕೂಡಿಸಿದ ಮರುವರ್ಷವೇ, ಅದುವರೆಗೆ ನಿರ್ಮಲವಾಗಿದ್ದ ಗೋಡೆಯ ಮೂಲೆಯಲ್ಲಿ ಕಪ್ಪು ಕಾಣಿಸಿಕೊಳ್ಳುವುದುಂಟು. ಮೊದಲು ಗಾಜೇ ಮನೆಯಲ್ಲಿ ಅತ್ಯಂತ ತಣ್ಣನೆಯ ತಾಣವಾಗಿದ್ದು ಆವಿಯನ್ನೆಲ್ಲ ತನ್ನ ಮೇಲೆ ಇಳಿಸಿಕೊಳ್ಳುತ್ತಿತ್ತು. ಗಾಜು ಬೆಚ್ಚಗಾದೊಡನೆ ಆ ಪಟ್ಟ ಗೋಡೆಗೆ ಬಂದಿತು, ಜೊತೆಗೆ ಹಳೆಯ ಚೌಕಟ್ಟಿನ ಸಂದುಗಳಿಂದ ಆಡುತ್ತಿದ್ದ ಗಾಳಿಯೂ ನಿಂತಿತು.

ಈಗ ಲಕ್ಷಣಗಳ ವಿಚಾರಕ್ಕೆ ಬರೋಣ. ಧೂಳು ಭಾರದಿಂದ ಕೆಳಕ್ಕೆ ಬೀಳುವುದರಿಂದ ಅದರ ಸ್ವಾಭಾವಿಕ ನೆಲೆ ಅಡ್ಡಮೈ: ಕಪಾಟಿನ ತಲೆ, ಬಾಗಿಲ ಚೌಕಟ್ಟಿನ ಮೇಲಂಚು, ರೇಡಿಯೇಟರಿನ ಎಸಳುಗಳ ನಡುವಣ ಜಾಗ. ಅದರಲ್ಲಿ ಬಟ್ಟೆಯ ಎಳೆ, ಚರ್ಮದ ಹೊಟ್ಟು, ಕೂದಲು, ಹೊರಗಿನ ಮಣ್ಣು ಎಲ್ಲವೂ ಬೆರೆತಿರುವುದರಿಂದ ಬಣ್ಣ ಬೂದು, ಹರಡಿಕೆ ಸಮ, ಅಂಚು ಅಸ್ಪಷ್ಟ. ಒಣಬಟ್ಟೆಯಿಂದ ಒರೆಸಿದರೆ ಪದರವಾಗಿ ಎದ್ದುಬರುತ್ತದೆ, ಕೆಳಗೆ ಬಣ್ಣ ಸ್ವಚ್ಛವಾಗಿರುತ್ತದೆ. ಬೂಷ್ಟಾದರೋ ಲಂಬವಾದ ಗೋಡೆಯ ಮೇಲೆಯೂ ಸೂರಿನ ಅಡಿಯಲ್ಲಿಯೂ ಸಂಕೋಚವಿಲ್ಲದೆ ಬೆಳೆಯುತ್ತದೆ. ಒಂದು ಬಿಂದುವಿನಿಂದ ಹೊರಟು ಎಲ್ಲ ದಿಕ್ಕಿಗೂ ವಿಸ್ತರಿಸುವುದರಿಂದ ಚುಕ್ಕೆಗಳು ಹೆಚ್ಚುಕಡಮೆ ವೃತ್ತಾಕಾರವಾಗಿರುತ್ತವೆ, ಕ್ರಮೇಣ ಒಂದರೊಡನೊಂದು ಕೂಡಿಕೊಳ್ಳುತ್ತವೆ. ಒಣಬಟ್ಟೆಯಿಂದ ಉಜ್ಜಿದರೆ ಮೇಲ್ಭಾಗ ಹರಡಿ ಮಸುಕಾಗುತ್ತದೆಯೇ ಹೊರತು ಕಲೆ ಬಿಡುವುದಿಲ್ಲ, ಏಕೆಂದರೆ ಅದರ ತಂತುಗಳು ಬಣ್ಣದೊಳಕ್ಕೋ ಗೋಡೆಕಾಗದದೊಳಕ್ಕೋ ಇಳಿದಿರುತ್ತವೆ. ಹಾಗೆ ಉಜ್ಜುವುದು ಬೀಜಕಗಳನ್ನು ಕೋಣೆಯಲ್ಲೆಲ್ಲ ಎರಚಿದಂತೆಯೇ. ಬೆರಳ ತುದಿಯಷ್ಟು ಜಾಗದಲ್ಲಿ ಮಾತ್ರ ಪರೀಕ್ಷೆ ಸಾಕು.

ದೀಪ ಆರಿಸಿ, ಕೈಬ್ಯಾಟರಿಯ ಬೆಳಕನ್ನು ಗೋಡೆಗೆ ಸವರಿದಂತೆ ಪಕ್ಕದಿಂದ ಬಿಟ್ಟು ನೋಡುವುದು ನನ್ನ ಅಭಿಪ್ರಾಯದಲ್ಲಿ ಎಲ್ಲ ಪರೀಕ್ಷೆಗಳಿಗಿಂತ ಉತ್ತಮ. ಎದುರಿನಿಂದ ಸಪಾಟಾಗಿ ತೋರುತ್ತಿದ್ದ ಕಲೆ ಓರೆಬೆಳಕಿನಲ್ಲಿ ನವಿರಾದ ಮೇಲ್ಮೈಯುಳ್ಳದ್ದಾಗಿ, ಮಖಮಲ್ಲಿನಂತೆ ಕಂಡರೆ ಬಹುಪಾಲು ನಿರ್ಣಯವಾದಂತೆಯೇ ಸರಿ. ಭೂತಗನ್ನಡಿ ಕೈಯಲ್ಲಿದ್ದರೆ ಇನ್ನೂ ಲೇಸು. ಇದೇ ದೇಶದ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೋನಿ ಫಾನ್ ಲೇವನ್‌ಹುಕ್, ತಾನೇ ಉಜ್ಜಿ ತಯಾರಿಸಿದ ಪುಟ್ಟ ಮಸೂರದ ಮೂಲಕ ಕಂಡದ್ದನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ೧೬೭೩ರಲ್ಲಿ ತಲಪಿಸಿದ ಮೊತ್ತಮೊದಲ ಪತ್ರದಲ್ಲಿ ಜೇನುನೊಣ, ಹೇನುಗಳ ಜೊತೆಗೆ ವರ್ಣಿಸಿದ್ದು ಬೂಷ್ಟನ್ನೇ. ಶಿಲೀಂಧ್ರಗಳ ಶಾಸ್ತ್ರೀಯ ಅಧ್ಯಯನಕ್ಕೂ ಡಚ್ಚರ ನೆಲ ಪ್ರಸಿದ್ಧವಾದದ್ದು: ೧೯೦೪ರಲ್ಲಿ ಪ್ರಾರಂಭವಾದ ಶಿಲೀಂಧ್ರ ಸಂಗ್ರಹಾಲಯವನ್ನು ೧೯೦೭ರಿಂದ ದೀರ್ಘಕಾಲ ಪೋಷಿಸಿದ ಯೋಹಾನಾ ವೆಸ್ಟರ್‌ಡೈಕ್ ೧೯೧೭ರಲ್ಲಿ ಆ ದೇಶದ ಮೊದಲ ಮಹಿಳಾ ಪ್ರಾಧ್ಯಾಪಕರಾದರು, ಉಟ್ರೆಕ್ಟಿನಲ್ಲಿರುವ ಆ ಸಂಸ್ಥೆ ೨೦೧೭ರಿಂದ ಅವರ ಹೆಸರನ್ನೇ ಧರಿಸಿದೆ. ಕಿಟಕಿಯ ಚೌಕಟ್ಟಿನಲ್ಲಿ ಕಾಣುವ ಹಸಿರುಗಪ್ಪು ಬಹುಶಃ ಕ್ಲಾಡೋಸ್ಪೋರಿಯಂ, ಗೋಡೆಕಾಗದದ ಮೇಲಿನ ನೀಲಿಹಸಿರು ಪೆನಿಸಿಲಿಯಂ ಅಥವಾ ಆಸ್ಪರ್ಜಿಲಸ್, ನೀರು ಸೋರಿ ಬಹುಕಾಲ ನೆನೆದ ಜಿಪ್ಸಂ ಹಲಗೆಯ ಮೇಲಿನ ಗಾಢ ಕಪ್ಪು ಸ್ಟಾಕಿಬೋಟ್ರಿಸ್ ಆಗಿರಬಹುದು. ಆದರೆ ಬಣ್ಣದಿಂದ ಜಾತಿಯನ್ನು ನಿಶ್ಚಯಿಸುವುದು ಪಂಡಿತರಿಗೂ ಅಸಾಧ್ಯ, ಗೃಹಸ್ಥರಿಗೆ ಅನಾವಶ್ಯಕ. ಯಾವ ಜಾತಿಯಾದರೂ ಮಾಡಬೇಕಾದ ಕೆಲಸ ಒಂದೇ. ಅಂಚೆಯಲ್ಲಿ ತರಿಸಿ ಗಾಳಿಯ ಮಾದರಿ ಹಿಡಿಯುವ ಪೆಟ್ಟಿಗೆಗಳಿಗೆ ಹಣ ಚೆಲ್ಲುವುದರಿಂದ ಪ್ರಯೋಜನವಿಲ್ಲವೆಂದು ಇದೇ ಕಾರಣಕ್ಕೆ ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ೨೦೦೯ರಲ್ಲಿ ಮನೆಯ ತೇವ ಮತ್ತು ಬೂಷ್ಟನ್ನು ಕುರಿತು ಪ್ರಕಟಿಸಿದ ಮಾರ್ಗದರ್ಶನದಲ್ಲಿಯೂ, ಇಷ್ಟು ಬೀಜಕಗಳವರೆಗೆ ಕ್ಷೇಮವೆಂಬ ಯಾವ ಮಿತಿಯನ್ನೂ ನಿಗದಿಮಾಡದೆ, ತೇವವನ್ನು ತಡೆಯಿರಿ ಎಂದಷ್ಟೇ ವಿಧಿಸಿದೆ.

ಇಷ್ಟು ಹೇಳಿದ ಮೇಲೂ ನಮ್ಮವರ ಮನೆಗಳಲ್ಲಿ ಒಂದು ವಿಶೇಷ ತೊಡಕು ಉಳಿಯುತ್ತದೆ, ಅದು ಮಸಿಯದು. ದೇವರ ಮನೆಯೆಂದು ಬೇರೆ ಕೋಣೆ ಇಲ್ಲದ ಸಣ್ಣ ವಸತಿಯಲ್ಲಿ ಗೋಡೆಯ ಮೂಲೆಯೊಂದರಲ್ಲಿ ಮಂಟಪವಿಟ್ಟು, ಎರಡು ಹೊತ್ತು ಎಣ್ಣೆಯ ದೀಪ ಹಚ್ಚಿ, ಊದುಬತ್ತಿ ಕರ್ಪೂರಗಳನ್ನು ಉರಿಸುವುದು ರೂಢಿ. ಡಚ್ಚರೂ ಚಳಿಗಾಲದ ಸಂಜೆಗಳಲ್ಲಿ ಮೇಣದಬತ್ತಿಗಳನ್ನು ಸಾಲಾಗಿ ಹಚ್ಚುತ್ತಾರೆ. ಇವುಗಳಿಂದ ಹೊರಡುವ ಇಂಗಾಲದ ಅತಿಸೂಕ್ಷ್ಮ ಕಣಗಳು ಧೂಳಿನಂತೆ ನೆಲಕ್ಕೆ ಬೀಳದೆ ಗಾಳಿಯಲ್ಲಿ ಬಹುಕಾಲ ತೇಲುತ್ತವೆ, ಬೆಚ್ಚಗಿನ ಗಾಳಿಯ ಕಡೆಯಿಂದ ತಣ್ಣನೆಯ ಗೋಡೆಯ ಕಡೆಗೆ ಸರಿದು ಅಲ್ಲಿಯೇ ಅಂಟಿಕೊಳ್ಳುತ್ತವೆ. ಎಂದರೆ, ಬೂಷ್ಟಿಗೆ ಪ್ರಿಯವಾದ ಶೀತಸ್ಥಾನವೇ ಮಸಿಗೂ ಪ್ರಿಯ! ಸ್ಥಾನವನ್ನು ನೋಡಿ ನಿರ್ಣಯಿಸಬೇಕೆಂದು ಮೇಲೆ ಹೇಳಿದ ಸೂತ್ರ ಇಲ್ಲಿ ಸೋಲುವಂತೆ ತೋರುತ್ತದೆ, ಆದರೆ ಸ್ವಲ್ಪ ತಾಳ್ಮೆಯಿಂದ ನೋಡಿದರೆ ಸೋಲುವುದಿಲ್ಲ. ಮಸಿ ಮೊಳೆಯುವುದಿಲ್ಲವಾದುದರಿಂದ ಚುಕ್ಕೆಗಳಾಗಿ ಕಾಣುವುದಿಲ್ಲ. ಸೂರಿನ ತೊಲೆಗಳ ಗುಂಟ ನೇರವಾದ ಪಟ್ಟೆಗಳಾಗಿ, ಜಿಪ್ಸಂ ಹಲಗೆಯ ಮೊಳೆಗಳ ಮೇಲೆ ಸಮಾನ ಅಂತರದ ಬೊಟ್ಟುಗಳಾಗಿ, ಜೇಡರ ಬಲೆಯ ಎಳೆಗಳಿದ್ದಲ್ಲಿ ಕಪ್ಪು ದಾರಗಳಾಗಿ, ಮನೆ ಕಟ್ಟಿದವನ ಕೈಯ ಕ್ರಮವನ್ನೇ ಅನುಸರಿಸಿ ಮೂಡುತ್ತದೆ. ರೇಡಿಯೇಟರಿನ ನೆತ್ತಿಯ ಮೇಲಿನ ಗೋಡೆ ಕಪ್ಪಾಗಿದ್ದರೆ ಬೂಷ್ಟಿನ ಶಂಕೆಯನ್ನು ಬಿಡಬಹುದು: ಬಿಸಿಯಾಗಿ ಒಣಗಿದ ಆ ಜಾಗದಲ್ಲಿ ಅದು ಬೆಳೆಯಲಾರದು, ಮೇಲೇರುವ ಬಿಸಿಗಾಳಿ ಹೊತ್ತುತಂದ ಧೂಳು ಮಸಿಗಳೇ ಅಲ್ಲಿ ಕೂತಿರುತ್ತವೆ. ಮಸಿಯನ್ನು ಬೆರಳಿಂದ ತೀಡಿದರೆ ಕಾಡಿಗೆಯಂತೆ ಜಿಡ್ಡಾಗಿ ಹರಡುತ್ತದೆ. ಮಂಟಪದ ಹಿಂದಿನ ಗೋಡೆ ಹೊರಗೋಡೆಯೂ ಆಗಿದ್ದರೆ ಮಾತ್ರ ಎರಡೂ ಒಂದರ ಮೇಲೊಂದು ಇರುವ ಸಂಭವವುಂಟು. ಮಸಿಯ ಜಿಡ್ಡು ಬೂಷ್ಟಿಗೆ ಆಹಾರವಾಗಿಯೂ ಒದಗುತ್ತದೆ.

ಸಂದೇಹ ಪೂರ್ಣವಾಗಿ ಪರಿಹಾರವಾಗದಿದ್ದಲ್ಲಿ ಬ್ಲೀಚಿನ ಪರೀಕ್ಷೆ ಮಾಡಬಹುದು. ಕಿಟಕಿ ತೆರೆದು, ಕೈಗವಸು ತೊಟ್ಟು, ಸಾಧಾರಣ ಬ್ಲೀಚಿನ ಒಂದೆರಡು ಹನಿಯನ್ನು ಹತ್ತಿಯ ತುದಿಯಿಂದ ಕಲೆಯ ಅಂಚಿಗೆ ಮುಟ್ಟಿಸಿದರೆ, ಒಂದೆರಡು ನಿಮಿಷಗಳಲ್ಲಿ ಬೂಷ್ಟು ಬಣ್ಣಗೆಟ್ಟು ಬೆಳ್ಳಗಾಗುತ್ತದೆ. ಮಸಿಯೂ ಕೊಳೆಯೂ ಕಪ್ಪಾಗಿಯೇ ಉಳಿಯುತ್ತವೆ. ಗೋಡೆಕಾಗದದ ಬಣ್ಣವೂ ಹೋಗಬಹುದಾದುದರಿಂದ ಮರೆಯಾದ ಜಾಗವನ್ನೇ ಆರಿಸಿಕೊಳ್ಳತಕ್ಕದ್ದು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನಲ್ಲಿಯ ಸುಣ್ಣದ ಕರೆಯನ್ನು ತೆಗೆಯಲು ಡಚ್ ಮನೆಗಳಲ್ಲಿ ವಿನಿಗರನ್ನು ಧಾರಾಳವಾಗಿ ಬಳಸುತ್ತಾರೆ. ಬ್ಲೀಚಿಗೆ ವಿನಿಗರಾಗಲಿ, ಸುಣ್ಣ ಕರಗಿಸುವ ಮತ್ತಾವ ಆಮ್ಲದ ದ್ರಾವಣವಾಗಲಿ ಸೇರಿದರೆ ವಿಷಮಯವಾದ ಕ್ಲೋರಿನ್ ಅನಿಲ ಹೊರಡುತ್ತದೆ, ಕಿರಿದಾದ ಸ್ನಾನದ ಮನೆಯಲ್ಲಿ ಅದು ಪ್ರಾಣಾಪಾಯಕ್ಕೂ ಎಡೆಗೊಟ್ಟೀತು. ಅಮೋನಿಯ ಇರುವ ದ್ರಾವಣಗಳೊಡನೆಯೂ ಬ್ಲೀಚನ್ನು ಬೆರೆಸಬಾರದು. ಪರೀಕ್ಷೆಗೆ ಹೊರತಾಗಿ, ಗೋಡೆ ತೊಳೆಯುವುದಕ್ಕೆ ಬ್ಲೀಚಿನ ಅಗತ್ಯವೂ ಇಲ್ಲ.

ಬೂಷ್ಟೂ ಅಲ್ಲದ ಧೂಳೂ ಅಲ್ಲದ ಇನ್ನೆರಡು ವಸ್ತುಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ನೆಲಮಾಳಿಗೆಯ ಅಥವಾ ನೆಲಮಟ್ಟದ ಇಟ್ಟಿಗೆಗೋಡೆಯ ಮೇಲೆ ಕಾಣುವ ಬಿಳಿಯ ಹುಡಿ ಬಹುಮಟ್ಟಿಗೆ ಗೋಡೆ ಉಗುಳಿದ ಉಪ್ಪು. ಉಜ್ಜಿದರೆ ಹರಳುಹರಳಾಗಿ ಉದುರುತ್ತದೆ, ನೀರಿನ ಹನಿ ಬಿದ್ದರೆ ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಆದರೆ ಉಪ್ಪು ಕಂಡಿತೆಂದರೆ ಗೋಡೆಯೊಳಗೆ ನೀರು ಹರಿಯುತ್ತಿದೆಯೆಂದೇ ಅರ್ಥ. ಸ್ನಾನದ ಮನೆಯ ಹೆಂಚಿನ ಸಂದಿನ ಗುಲಾಬಿ ಬಣ್ಣದ ಲೋಳೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಅಥವಾ ಯೀಸ್ಟಿನದು, ಸಾಬೂನಿನಿಂದ ಹೋಗುತ್ತದೆ; ಸಿಲಿಕೋನಿನ ಪಟ್ಟಿಯೊಳಗೇ ಇಳಿದ ಕಪ್ಪುಚುಕ್ಕೆ ಬೂಷ್ಟು, ಅದು ಯಾವುದರಿಂದಲೂ ಹೋಗುವುದಿಲ್ಲ, ಪಟ್ಟಿಯನ್ನು ಕತ್ತರಿಸಿ ಹೊಸದನ್ನು ತುಂಬಿಸಬೇಕು.

ಕಲೆ ಧೂಳೆಂದೇ ತೀರ್ಮಾನವಾದರೂ ಸಂಪೂರ್ಣವಾಗಿ ನಿಶ್ಚಿಂತರಾಗುವಂತಿಲ್ಲವೆಂಬುದಕ್ಕೆ ಲೈಡನ್ ನಗರದ ವೈದ್ಯರೇ ಸಾಕ್ಷಿ. ೧೯೨೦ರ ದಶಕದಲ್ಲಿ ಅಲ್ಲಿಯ ಪ್ರಾಧ್ಯಾಪಕ ಸ್ಟಾರ್ಮ್ ಫಾನ್ ಲೇವನ್ ಆಸ್ತಮಾ ರೋಗವನ್ನು ತೇವವಾದ ಮನೆಗಳೊಡನೆ ಸಂಬಂಧಿಸಿ, ರೋಗಿಗಳನ್ನು ಶುದ್ಧಗಾಳಿಯ ವಿಶೇಷ ಕೋಣೆಗಳಲ್ಲಿ ಇರಿಸಿ ನೋಡಿದರು. ಅದೇ ಊರಿನಲ್ಲಿ ೧೯೬೪ರಲ್ಲಿ ಫೋರ್‌ಹಾರ್ಸ್ಟ್ ಎಂಬವರೂ ಸ್ಪೀಕ್ಸ್‌ಮಾ ದಂಪತಿಗಳೂ, ಮನೆಯ ಧೂಳಿನಿಂದ ಜನ ಸೀನುವುದಕ್ಕೂ ಉಬ್ಬಸಪಡುವುದಕ್ಕೂ ಮುಖ್ಯ ಕಾರಣ ಹಾಸಿಗೆಯಲ್ಲಿ ವಾಸಿಸುವ, ಕಣ್ಣಿಗೆ ಕಾಣದಷ್ಟು ಸಣ್ಣದಾದ ನುಸಿಯೆಂದು ತೋರಿಸಿಕೊಟ್ಟರು. ಆ ನುಸಿ ನೀರು ಕುಡಿಯಲಾರದು. ತನಗೆ ಬೇಕಾದ ತೇವವನ್ನು ಗಾಳಿಯಿಂದಲೇ ಹೀರುತ್ತದೆ, ಆರ್ದ್ರತೆ ಶೇಕಡ ೫೦ಕ್ಕಿಂತ ಬಹುಕಾಲ ಕೆಳಗಿದ್ದರೆ ಕ್ಷೀಣಿಸುತ್ತದೆ. ಬೂಷ್ಟಿಗೆ ಪರಿಹಾರವಾದ ಒಣಗಾಳಿಯೇ ಧೂಳಿನ ಉಪದ್ರವಕ್ಕೂ ಪರಿಹಾರವೆಂದಾಯಿತು. ಮಕ್ಕಳಿಗೆ ರಾತ್ರಿ ಮಾತ್ರ ಕೆಮ್ಮು ಬರುತ್ತಿದ್ದರೆ ಗೋಡೆಯೊಂದನ್ನೇ ಅಲ್ಲ, ಹಾಸಿಗೆಯನ್ನೂ ನೋಡತಕ್ಕದ್ದು.

ತೊಳೆಯುವ ಕ್ರಮ ಸುಲಭ. ಒಂದು ಚದರ ಮೀಟರಿಗಿಂತ ಕಡಮೆ ಹರಡಿದ್ದರೆ ಮನೆಯವರೇ ಮಾಡಬಹುದು. ಅಡುಗೆ ಸೋಡವಲ್ಲ, ಅಂಗಡಿಗಳಲ್ಲಿ ದೊರೆಯುವ ಒಗೆಯುವ ಸೋಡವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದ್ದಿ, ಒದ್ದೆಯಾಗಿಯೇ ಒರೆಸಿ, ಶುಭ್ರವಾದ ನೀರಿನಿಂದ ಇನ್ನೊಮ್ಮೆ ಒರೆಸಿ, ಕಡೆಗೆ ಒಣಬಟ್ಟೆಯಿಂದ ತೇವ ತೆಗೆಯಬೇಕು. ಬಾಗಿಲು ಮುಚ್ಚಿ ಕಿಟಕಿ ತೆರೆದಿರಬೇಕು, ಆಸ್ತಮಾ ಇರುವವರು ಈ ಕೆಲಸಕ್ಕೆ ಇಳಿಯಬಾರದು. ಬೂಷ್ಟು ಹಿಡಿದ ಗೋಡೆಕಾಗದ ಕಿತ್ತು ಎಸೆಯಬೇಕಾದದ್ದೇ. ಕಲೆಯ ಮೇಲೆ ಬಣ್ಣ ಬಳಿಯುವುದು ಶುದ್ಧ ಅವಿವೇಕ: ಕೆಲವು ವಾರಗಳಲ್ಲಿ ಅದು ಹೊಸ ಬಣ್ಣವನ್ನೂ ಭೇದಿಸಿ ಹೊರಬರುತ್ತದೆ.

ತೊಳೆದದ್ದು ಮರಳಿ ಬಾರದಿರಬೇಕಾದರೆ ಗಾಳಿ ಆಡಬೇಕು. ಡಚ್ ಮನೆಗಳ ಕಿಟಕಿಯ ನೆತ್ತಿಯಲ್ಲಿರುವ ಗಾಳಿಯ ಜಾಲರಿಯನ್ನು, ಮಗುವಿಗೆ ಶೀತವಾದೀತೆಂದು ಹೆದರಿ, ಚಳಿಗಾಲವಿಡೀ ಮುಚ್ಚಿಡುವವರು, ಅಂಟುಪಟ್ಟಿ ಬಿಗಿಯುವವರು ನಮ್ಮಲ್ಲಿ ಬಹಳ. ೧೯೭೫ರಿಂದ ಈಚಿನ ಬಹುಪಾಲು ಮನೆಗಳಲ್ಲಿ ಅಡುಗೆಮನೆ, ಸ್ನಾನದಮನೆ, ಶೌಚಾಲಯಗಳಿಂದ ಗಾಳಿಯನ್ನು ಎಳೆದು ಹೊರಹಾಕುವ ಯಂತ್ರವಿರುತ್ತದೆ. ಆ ಯಂತ್ರಕ್ಕೆ ಎಳೆಯಲು ಗಾಳಿ ಒಳಬರುವುದು ಈ ಜಾಲರಿಯಿಂದಲೇ, ಆದುದರಿಂದ ಇದನ್ನು ಮುಚ್ಚಿ ಅದನ್ನು ಓಡಿಸುವುದು ನಿರರ್ಥಕ. ಯಂತ್ರದ ಗುಂಡಿ ಸಾಮಾನ್ಯವಾಗಿ ಅಡುಗೆಮನೆಯ ಗೋಡೆಯಲ್ಲಿರುತ್ತದೆ. ಕುಕ್ಕರು ಇಟ್ಟಾಗಲೂ ಸ್ನಾನಕ್ಕೆ ಹೋದಾಗಲೂ ಅದನ್ನು ಮೂರನೆಯ ಅಂಕಕ್ಕೆ ತಿರುಗಿಸಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಬಿಡುವುದು ವಿಹಿತ. ಬೀರುಗಳನ್ನು ಹೊರಗೋಡೆಯಿಂದ ಸುಮಾರು ೧೦ ಸೆಂಟಿಮೀಟರು ಈಚೆಗೆ ಸರಿಸಿ, ಬಳಸದ ಕೋಣೆಯನ್ನೂ ೧೫ ಡಿಗ್ರಿಗಿಂತ ತಣಿಯಗೊಡದೆ ಇಡಬೇಕು. ೨೦೨೨ರಲ್ಲಿ ಅನಿಲದ ಬೆಲೆ ಏರಿದಾಗ ಕೋಣೆಗಳ ಕಾವನ್ನು ಆರಿಸಿ ಉಳಿಸಿದ ಹಣವನ್ನು ಗೋಡೆಯ ದುರಸ್ತಿಗೆ ತೆರುವಂತಾದದ್ದುಂಟು. ಆರ್ದ್ರತೆ ಅಳೆಯುವ ಸಣ್ಣ ಉಪಕರಣವೊಂದನ್ನು ಕೊಂಡು, ಹಜಾರದ ನಡುವೆಯಲ್ಲ, ಸಂದೇಹವಿರುವ ಕೋಣೆಯಲ್ಲಿಯೇ ಇರಿಸಿ. ಅಂಕ ೪೦ ಮತ್ತು ೬೦ರ ನಡುವೆ ನಿಂತರೆ ತೃಪ್ತಿಕರ.

ಇಷ್ಟೆಲ್ಲ ಪಾಲಿಸಿದರೂ ಅದೇ ಜಾಗದಲ್ಲಿ ಕಲೆ ಮರುಕಳಿಸಿದರೆ ದೋಷ ಕಟ್ಟಡದ್ದು, ಸರಿಪಡಿಸುವ ಹೊಣೆ ಮನೆಯ ಒಡೆಯನದು. ‘ನೀವು ಕಿಟಕಿ ತೆರೆಯುವುದಿಲ್ಲ, ಅಡುಗೆ ಹೆಚ್ಚು ಮಾಡುತ್ತೀರಿ’ ಎಂಬ ಉತ್ತರ ಅವನ ಕಡೆಯಿಂದ ಬರುವುದು ಹೆಚ್ಚುಕಡಮೆ ನಿಶ್ಚಿತವಾದುದರಿಂದ, ಬಾಯಿಮಾತಿನಲ್ಲಿ ದೂರದೆ ಲಿಖಿತವಾಗಿಯೇ ತಿಳಿಸತಕ್ಕದ್ದು. ೬ ವಾರ ಕಳೆದರೂ ದುರಸ್ತಿಯಾಗದಿದ್ದರೆ, ಸಾಮಾಜಿಕ ವಸತಿಯ ಬಾಡಿಗೆದಾರರು ಹ್ಯೂರ್‌ಕಮಿಸ್ಸಿ ಎಂಬ ಬಾಡಿಗೆ ನ್ಯಾಯಮಂಡಳಿಗೆ ಹೋಗಬಹುದು. ದೋಷ ಗಂಭೀರವೆಂದು ಕಂಡುಬಂದಲ್ಲಿ, ದುರಸ್ತಿ ಮುಗಿಯುವತನಕ, ಮೂಲಬಾಡಿಗೆಯನ್ನು ಶೇಕಡ ೪೦ಕ್ಕೆ, ಅತಿ ಗಂಭೀರವಾಗಿದ್ದಲ್ಲಿ ಶೇಕಡ ೨೦ಕ್ಕೆ ಕೂಡ ಇಳಿಸುವ ಅಧಿಕಾರ ಅದಕ್ಕುಂಟು. ಮುಕ್ತ ಮಾರುಕಟ್ಟೆಯ ಹೆಚ್ಚಿನ ಬಾಡಿಗೆಯ ಮನೆಗಳಲ್ಲಿರುವವರು, ನಮ್ಮವರಲ್ಲಿ ಅನೇಕರು ಇಂಥವರೇ, ಸಾಮಾನ್ಯವಾಗಿ ಕ್ಯಾಂಟನ್ ನ್ಯಾಯಾಧೀಶರ ಮುಂದೆ ಹೋಗಬೇಕಾದೀತು. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಪ್ರಾದೇಶಿಕ ಆರೋಗ್ಯ ಇಲಾಖೆಯಾದ ಜಿ.ಜಿ.ಡಿ.ಯ ಸಲಹೆ ಕೇಳುವುದು ಒಳ್ಳೆಯದು. ಪತ್ರದಲ್ಲಿ ಬೂಷ್ಟಿಗೆ ಡಚ್ಚರು ಹೇಳುವ ಸ್ಖಿಮ್ಮೆಲ್ ಎಂಬ ಶಬ್ದವನ್ನೇ ಬಳಸಿ, ಕೋಣೆ, ಗೋಡೆ, ಮೊದಲು ಕಂಡ ದಿನಾಂಕ, ಆರ್ದ್ರತೆಯ ಅಂಕಗಳನ್ನು ನಮೂದಿಸಿ, ಚಿತ್ರಗಳನ್ನು ಲಗತ್ತಿಸಬೇಕು. ಗೋಡೆಯನ್ನು ತೊಳೆಯುವುದಕ್ಕೆ ಮುಂಚೆಯೇ ಆ ಚಿತ್ರಗಳನ್ನು ತೆಗೆಯಬೇಕು. ಕಲೆಯ ವಿಸ್ತಾರ ತಿಳಿಯುವಂತೆ ಪಕ್ಕದಲ್ಲಿ ಅಳತೆಯ ಪಟ್ಟಿಯೊಂದನ್ನು ಹಿಡಿದಿದ್ದರೆ ವಾದಕ್ಕೆ ಎಡೆ ಇನ್ನೂ ಕಡಮೆ.